ಎಮಿಲ್ ಪೋಸ್ಟ್ ಮತ್ತು ಗಣನೆಯ ಬುನಾದಿ: ಪದೇ ಪದೇ ಕೇಳುವ ಪ್ರಶ್ನೆಗಳು

ಎಮಿಲ್ ಪೋಸ್ಟ್ ಯಾರು?

ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಈ ಹೆಸರು ಒಂದಲ್ಲ ಒಂದು ಕಡೆ ಎದುರಾಗಿರುತ್ತದೆ. ಆಟೊಮ್ಯಾಟ ಥಿಯರಿಯ, ಅಂದರೆ ಲೆಕ್ಕ ಹಾಕುವ ಕಾಲ್ಪನಿಕ ಯಂತ್ರಗಳ ಶಾಸ್ತ್ರದ, ಕೊನೆಯ ಪಾಠಗಳಲ್ಲಿ ಬರುವ ‘ಪೋಸ್ಟ್ ಕರೆಸ್ಪಾಂಡೆನ್ಸ್ ಪ್ರಾಬ್ಲಂ’ ಇವರದೇ. ನಮ್ಮ ವಿಟಿಯು ಪಠ್ಯದಲ್ಲೂ ಅದು ಇತ್ತು. ಪರೀಕ್ಷೆಗೆ ಐದಾರು ಅಂಕದ ಪ್ರಶ್ನೆಯಾಗಿ ಅದನ್ನು ಓದಿ ಮುಂದೆ ಹೋಗುತ್ತೇವೆ, ಅದರ ಹಿಂದಿನ ಮನುಷ್ಯನ ಬಗ್ಗೆ ಯಾರೂ ಹೇಳುವುದಿಲ್ಲ.

ಪೋಸ್ಟ್ ಹುಟ್ಟಿದ್ದು 1897ರ ಫೆಬ್ರವರಿ 11ರಂದು, ಅಗಸ್ಟೂವ್ ಎಂಬ ಊರಿನ ಯಹೂದಿ ಕುಟುಂಬವೊಂದರಲ್ಲಿ. ಆಗ ರಷ್ಯನ್ ಸಾಮ್ರಾಜ್ಯದಲ್ಲಿದ್ದ ಆ ಊರು ಈಗ ಪೋಲೆಂಡಿನಲ್ಲಿದೆ. 1904ರಲ್ಲಿ ಅವರು ನ್ಯೂಯಾರ್ಕ್ ಸೇರಿದರು. ಮುಂದಿನ ಬದುಕೆಲ್ಲ ಬಹುಮಟ್ಟಿಗೆ ಅದೇ ನಗರದಲ್ಲಿ. ತೀರಿಕೊಂಡಿದ್ದು 1954ರಲ್ಲಿ, 57ನೇ ವಯಸ್ಸಿನಲ್ಲಿ. ಯಾವ ಲೆಕ್ಕವನ್ನು ಯಂತ್ರದಿಂದ ಮಾಡಿಸಬಹುದು, ಯಾವುದನ್ನು ಎಂದೆಂದಿಗೂ ಮಾಡಿಸಲಾಗದು ಎಂಬುದನ್ನು ಮೊದಲು ಸ್ಪಷ್ಟವಾಗಿ ಕಂಡವರ ಸಾಲಿನಲ್ಲಿ ಗಣಿತಜ್ಞರಾದ ಕರ್ಟ್ ಗೋಡೆಲ್, ಅಲೊಂಜೊ ಚರ್ಚ್, ಅಲನ್ ಟ್ಯೂರಿಂಗ್ ಜೊತೆಗೆ ಪೋಸ್ಟ್ ಹೆಸರೂ ಸೇರಬೇಕು.

ಅವರು ಖಗೋಳ ವಿಜ್ಞಾನಿಯಾಗಲು ಹೊರಟಿದ್ದರಂತೆ, ಹೌದೇ?

ಹೌದು. ಹುಡುಗನಿಗೆ ನಕ್ಷತ್ರಗಳ ಹುಚ್ಚು. ಸುಮಾರು ಹನ್ನೆರಡನೇ ವಯಸ್ಸಿನಲ್ಲಿ, ನಿಂತಿದ್ದ ಕಾರಿನಡಿಗೆ ಹೋದ ಚೆಂಡನ್ನು ತೆಗೆಯಲು ಕೈಚಾಚಿದಾಗ ಅಪಘಾತವಾಗಿ ಎಡಗೈ ಹೋಯಿತು. ಆಮೇಲೆ ಆತ ತಾನಾಗಿಯೇ ವೀಕ್ಷಣಾಲಯಗಳಿಗೆ ಪತ್ರ ಬರೆದು, ಒಂದು ಕೈಯಿದ್ದವನು ಖಗೋಳ ವಿಜ್ಞಾನಿ ಆಗಬಹುದೇ ಎಂದು ಕೇಳಿದ. ಹಾರ್ವರ್ಡ್ ವೀಕ್ಷಣಾಲಯದಿಂದ ಉತ್ತೇಜನದ ಉತ್ತರ ಬಂತು. ಅಮೆರಿಕದ ನೌಕಾ ವೀಕ್ಷಣಾಲಯ ಮಾತ್ರ, ಇಲ್ಲಿನ ಉಪಕರಣಗಳಿಗೆ ಎರಡೂ ಕೈ ಬೇಕು, ಇದು ದೊಡ್ಡ ಅಡ್ಡಿಯಾಗುತ್ತದೆ ಎಂದಿತು. ಹುಡುಗ ಗಣಿತದ ಕಡೆ ಹೊರಳಿದ.

ಸಿಟಿ ಕಾಲೇಜ್ ಆಫ್ ನ್ಯೂಯಾರ್ಕಿನಿಂದ 1917ರಲ್ಲಿ ಪದವಿ. ವಲಸೆ ಬಂದ ಬಡ ಮನೆಗಳ ಮಕ್ಕಳು ಶುಲ್ಕವಿಲ್ಲದೆ ಓದುತ್ತಿದ್ದ ಕಾಲೇಜು ಅದು. ಪದವಿ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ ಕೆಲಸವೊಂದು 1930ರಲ್ಲಿ ಅಚ್ಚಾಯಿತು. ಒಂದು ಫಂಕ್ಷನ್ನನ್ನು ಇನ್ನೊಂದಾಗಿ ಬದಲಿಸುವ ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮನ್ನು ಹಿಂದಿರುಗಿಸುವ ‘ಪೋಸ್ಟ್ ಸೂತ್ರ’ ಬಂದಿದ್ದು ಅದರಿಂದ. ತರ್ಕಶಾಸ್ತ್ರಕ್ಕೂ ಇದಕ್ಕೂ ಸಂಬಂಧವಿಲ್ಲ.

ಪಿಎಚ್‌.ಡಿ.ಯಲ್ಲಿ ಏನು ಮಾಡಿದರು?

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 1920ರಲ್ಲಿ. ರಸೆಲ್ ಮತ್ತು ವೈಟ್‌ಹೆಡ್ ಬರೆದ ‘ಪ್ರಿನ್ಸಿಪಿಯಾ ಮ್ಯಾಥಮ್ಯಾಟಿಕಾ’ದ ಮೇಲೆ ಅಲ್ಲಿ ಒಂದು ಸೆಮಿನಾರ್ ನಡೆಯುತ್ತಿತ್ತು. ಗಣಿತವನ್ನೆಲ್ಲ ಕೆಲವೇ ಮೂಲ ಸೂತ್ರಗಳಿಂದ ಕಟ್ಟಿ ನಿಲ್ಲಿಸುವ ಮಹಾ ಪ್ರಯತ್ನ ಆ ಗ್ರಂಥ. ಉಳಿದವರು ಅದರ ಒಳಗೆ ಕೂತು ಪ್ರಮೇಯಗಳನ್ನು ಸಾಧಿಸುತ್ತಿದ್ದಾಗ, ಪೋಸ್ಟ್ ಹೊರಗೆ ನಿಂತು ಅದನ್ನೇ ಒಂದು ವಸ್ತುವಿನಂತೆ ನೋಡಿದರು: ಈ ನಿಯಮಗಳಿಂದ ಬರುವುದೇನು, ಬಾರದಿರುವುದೇನು? ಬರುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಒಂದು ವಿಧಾನ ಇದೆಯೇ?

ಗ್ರಂಥದ ಅತಿ ಸರಳ ಭಾಗಕ್ಕೆ, ಅಂದರೆ ‘ಮತ್ತು’, ‘ಅಥವಾ’, ‘ಅಲ್ಲ’ಗಳ ತರ್ಕಕ್ಕೆ, ಅವರು ಪೂರ್ತಿ ಉತ್ತರ ಕೊಟ್ಟರು. ನಿಜ–ಸುಳ್ಳಿನ ಎಲ್ಲ ಸಂದರ್ಭಗಳನ್ನೂ ಸಾಲುಸಾಲಾಗಿ ಬರೆಯುವ ಟ್ರೂತ್ ಟೇಬಲ್‌ನಲ್ಲಿ ಯಾವ ಸೂತ್ರ ಎಲ್ಲ ಸಾಲುಗಳಲ್ಲೂ ನಿಜವೋ ಅದನ್ನು ಆ ನಿಯಮಗಳಿಂದ ಸಾಧಿಸಬಹುದು, ಸಾಧಿಸಬಹುದಾದದ್ದೆಲ್ಲ ಎಲ್ಲ ಸಾಲುಗಳಲ್ಲೂ ನಿಜ. 1921ರಲ್ಲಿ ಇದು ಪ್ರಕಟವಾಯಿತು. ನಿಜ, ಸುಳ್ಳು ಎಂಬ ಎರಡರ ಬದಲು ಹಲವು ಸತ್ಯಮೌಲ್ಯಗಳಿರುವ ತರ್ಕಗಳನ್ನೂ ಅದೇ ಲೇಖನದಲ್ಲಿ ಕಟ್ಟಿದ್ದರು.

ಗೋಡೆಲ್‌ಗಿಂತ ಹತ್ತು ವರ್ಷ ಮೊದಲೇ ಅಪೂರ್ಣತೆಯ ಪ್ರಮೇಯವನ್ನು ಕಂಡಿದ್ದರು ಎನ್ನುತ್ತಾರೆ. ನಿಜವೇ?

ನಿಜ. ಎಲ್ಲ ಗಣಿತ ಸತ್ಯಗಳನ್ನೂ ತಪ್ಪಿಲ್ಲದೆ ಸಾಧಿಸಿಕೊಡುವ ನಿಯಮಗಳ ವ್ಯವಸ್ಥೆ ಇರಲಾರದು ಎಂಬುದೇ ಆ ಪ್ರಮೇಯ. ಆದರೆ ಕಾಣುವುದು ಬೇರೆ, ಬಿಡಿಬಿಡಿಯಾಗಿ ಸಾಧಿಸಿ ಅಚ್ಚು ಹಾಕಿಸುವುದು ಬೇರೆ. ಆ ಅಂತರ ಪೋಸ್ಟ್ ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

1920–21ರಲ್ಲಿ ಅವರು ಪ್ರಿನ್ಸ್‌ಟನ್‌ನಲ್ಲಿ ಪ್ರಾಕ್ಟರ್ ಫೆಲೋ. ಗುರಿ ದೊಡ್ಡದು: ಇಡೀ ಪ್ರಿನ್ಸಿಪಿಯಾಕ್ಕೆ ಒಂದು ನಿರ್ಣಯ ವಿಧಾನ ಹುಡುಕುವುದು. ಸಿಕ್ಕಿದರೆ ಯಾವ ಹೇಳಿಕೆ ಕೊಟ್ಟರೂ ‘ಸಾಧಿಸಬಹುದು’, ‘ಸಾಧಿಸಲಾಗದು’ ಎಂದು ಯಾಂತ್ರಿಕವಾಗಿ ಹೇಳಿಬಿಡಬಹುದು. ಅದಕ್ಕಾಗಿ ಅರ್ಥವನ್ನೆಲ್ಲ ಬದಿಗಿಟ್ಟು ಬರೀ ಅಕ್ಷರಗಳ ಸಾಲನ್ನು ನೋಡತೊಡಗಿದರು. ಒಂದು ಸಾಲಿನ ತಲೆಯಲ್ಲಿ ಇಂಥ ತುಂಡು ಇದ್ದರೆ ಅದನ್ನು ಕಿತ್ತು, ಬಾಲಕ್ಕೆ ಇಂಥ ತುಂಡು ಸೇರಿಸು. ಇಷ್ಟೇ ನಿಯಮ. ಪ್ರಿನ್ಸಿಪಿಯಾದ ಇಡೀ ಯಂತ್ರಾಂಗವನ್ನು ಇಂಥ ಬಡ ನಿಯಮಗಳಿಗೆ ಇಳಿಸಬಹುದು ಎಂದು ಅವರು ಕಂಡುಕೊಂಡರು. ನನ್ನ ಮಟ್ಟಿಗೆ ಇಪ್ಪತ್ತನೇ ಶತಮಾನದ ಗಣಿತದ ದೊಡ್ಡ ಒಳನೋಟಗಳಲ್ಲಿ ಇದೂ ಒಂದು.

ಈ ದಾರಿಯಲ್ಲಿ ಒಂದು ಪುಟ್ಟ ಸಮಸ್ಯೆ ಅವರನ್ನು ಹಿಡಿದು ನಿಲ್ಲಿಸಿತು. ಅದಕ್ಕೆ ‘ಟ್ಯಾಗ್’ ಎಂದು ಹೆಸರು. ಪೆನ್ನು ಹಿಡಿದು ನೀವೂ ಮಾಡಬಹುದು. 0 ಮತ್ತು 1ರ ಒಂದು ಸಾಲು ತೆಗೆದುಕೊಳ್ಳಿ. ಮೊದಲ ಅಂಕಿ 0 ಆದರೆ ಕೊನೆಗೆ 00 ಸೇರಿಸಿ, 1 ಆದರೆ ಕೊನೆಗೆ 1101 ಸೇರಿಸಿ. ಆಮೇಲೆ ಮೊದಲ ಮೂರು ಅಂಕಿ ಅಳಿಸಿ. ಮತ್ತೆ ಅದನ್ನೇ ಮಾಡಿ.

000ರಿಂದ ಹೊರಟರೆ: 000 → 00 → 0 → ಖಾಲಿ. ಮುಗಿಯಿತು.

001101ರಿಂದ ಹೊರಟರೆ: 001101 → 10100 → 001101. ಮೊದಲಿದ್ದಲ್ಲಿಗೇ ಬಂತು, ಇನ್ನು ಸುತ್ತುತ್ತಲೇ ಇರುತ್ತದೆ.

10010ರಿಂದ ಹೊರಟರೆ: 10010 → 101101 → 1011101 → 11011101 → 111011101 → 0111011101 → 101110100. ಐದು ಅಂಕಿ ಇದ್ದದ್ದು ಹತ್ತಕ್ಕೆ ಬೆಳೆದು ಒಂಬತ್ತಕ್ಕೆ ಇಳಿಯಿತು. ಮುಂದೇನು? ಮಾಡಿಯೇ ನೋಡಬೇಕು.

ಯಾವುದೇ ಸಾಲು ಕೊಟ್ಟರೂ ಅದು ಮುಗಿಯುತ್ತದೋ, ಸುತ್ತುತ್ತದೋ, ಮಿತಿಯಿಲ್ಲದೆ ಬೆಳೆಯುತ್ತದೋ ಎಂದು ಮೊದಲೇ ಹೇಳುವ ವಿಧಾನ ಪೋಸ್ಟ್ ಅವರಿಗೆ ಸಿಗಲಿಲ್ಲ. ಈ ನಿರ್ದಿಷ್ಟ ನಿಯಮದ ಮಟ್ಟಿಗೆ ಇಂದಿಗೂ ಸಿಕ್ಕಿಲ್ಲ. ಟ್ಯಾಗ್ ನಿಯಮಗಳ ಇಡೀ ವರ್ಗಕ್ಕೆ ಅಂಥ ವಿಧಾನ ಇರಲು ಸಾಧ್ಯವೇ ಇಲ್ಲ ಎಂದು ಮಾರ್ವಿನ್ ಮಿನ್ಸ್‌ಕಿ 1961ರಲ್ಲಿ ತೋರಿಸಿದರು.

ಇಲ್ಲಿ ಪೋಸ್ಟ್ ದಿಕ್ಕು ಬದಲಿಸಿದರು. ವಿಧಾನ ಸಿಗುತ್ತಿಲ್ಲ ಎಂದರೆ ಬಹುಶಃ ಇಲ್ಲವೇ ಇಲ್ಲ! ಕ್ಯಾಂಟರ್‌ನ ಕರ್ಣ ವಾದವನ್ನು (ಪಟ್ಟಿಯ ಪ್ರತಿ ಸಾಲಿನಿಂದಲೂ ಒಂದೊಂದು ಕಡೆ ಬೇರೆಯಾಗುತ್ತಾ, ಪಟ್ಟಿಯಲ್ಲೇ ಇಲ್ಲದ್ದನ್ನು ಕಟ್ಟುವ ಉಪಾಯ) ತಮ್ಮ ಅಕ್ಷರ ವ್ಯವಸ್ಥೆಗಳ ಮೇಲೆ ಪ್ರಯೋಗಿಸಿ, ಯಾವ ಯಾಂತ್ರಿಕ ವಿಧಾನಕ್ಕೂ ಬಗ್ಗದ ಪ್ರಶ್ನೆಗಳಿವೆ ಎಂದು ತೀರ್ಮಾನಿಸಿದರು. ಅಪೂರ್ಣತೆ ಅದರ ಬೆನ್ನಿಗೇ ಬರುತ್ತದೆ. ಹೇಗೆಂದರೆ, ಇಂಥ ಪ್ರತಿ ಪ್ರಶ್ನೆಗೂ ‘ಹೌದು’ ಅಥವಾ ‘ಇಲ್ಲ’ವನ್ನು ತಪ್ಪಿಲ್ಲದೆ ಸಾಧಿಸಿಕೊಡುವ ಒಂದು ತರ್ಕ ವ್ಯವಸ್ಥೆ ಇದೆ ಎಂದಿಟ್ಟುಕೊಳ್ಳಿ. ಅದರ ಪ್ರಮೇಯಗಳನ್ನು ಒಂದೊಂದಾಗಿ ಬರೆಯುತ್ತಾ ಹೋದರೆ ಸಾಕು, ಎಂದಾದರೂ ಎರಡರಲ್ಲಿ ಒಂದು ಉತ್ತರ ಬಂದೇ ಬರುತ್ತದೆ. ಅದೇ ಒಂದು ನಿರ್ಣಯ ವಿಧಾನವಾಯಿತಲ್ಲ! ಅಂಥ ವಿಧಾನ ಇಲ್ಲ ಎಂದಾಗಿದೆ. ಹಾಗಾಗಿ ಅಂಥ ಪರಿಪೂರ್ಣ ವ್ಯವಸ್ಥೆಯೂ ಇಲ್ಲ.

ಇವತ್ತು ತರಗತಿಯಲ್ಲಿ ಅಪೂರ್ಣತೆಯನ್ನು ಹೇಳಿಕೊಡಲು ಹತ್ತಿರದ ದಾರಿ ಇದೇ. ಅವರಿಗೆ ಆಗ ವಯಸ್ಸು 24.

ಹಾಗಿದ್ದರೆ ತಕ್ಷಣ ಪ್ರಕಟಿಸಲಿಲ್ಲ ಏಕೆ?

ಎರಡು ಕಾರಣ. ಮೊದಲನೆಯದು ಗಣಿತದ್ದೇ. ‘ಯಾವ ವಿಧಾನವೂ ಇಲ್ಲ’ ಎಂದು ಹೇಳಬೇಕಾದರೆ ‘ವಿಧಾನ’ ಎಂಬುದರಲ್ಲಿ ಏನೆಲ್ಲ ಸೇರುತ್ತದೆ ಎಂಬುದು ಗಟ್ಟಿಯಾಗಬೇಕು. ತಮ್ಮ ಅಕ್ಷರ ನಿಯಮಗಳು ಮನುಷ್ಯ ಮಾಡಬಹುದಾದ ಎಲ್ಲ ಲೆಕ್ಕಾಚಾರವನ್ನೂ ಹಿಡಿದಿಟ್ಟಿವೆ ಎಂದು ಪೋಸ್ಟ್ ನಂಬಿದ್ದರು, ಆದರೆ ಆ ನಂಬಿಕೆಗೆ ಆಧಾರವಾಗಿ ಮನುಷ್ಯನ ಗಣಿತ ಚಿಂತನೆಯ ಪೂರ್ತಿ ವಿಶ್ಲೇಷಣೆ ಬೇಕು ಎಂದೂ ಭಾವಿಸಿದ್ದರು. ಅದು ಮುಗಿಯುವ ಕೆಲಸವಲ್ಲ. ಗೋಡೆಲ್ 1931ರಲ್ಲಿ ನಿರ್ದಿಷ್ಟ ವ್ಯವಸ್ಥೆಯೊಂದನ್ನು ತೆಗೆದುಕೊಂಡು, ಅದಕ್ಕೆ ಬೇಕಾದಷ್ಟನ್ನು ಬಿಗಿಯಾಗಿ ಸಾಧಿಸಿ ಪ್ರಕಟಿಸಿದರು. ಪೋಸ್ಟ್ ಎಲ್ಲ ವ್ಯವಸ್ಥೆಗಳನ್ನೂ ಒಟ್ಟಿಗೆ ಹಿಡಿಯಲು ಹೊರಟಿದ್ದರು.

ಎರಡನೆಯದು ಕಾಯಿಲೆ.

ಅವರ ಕಾಯಿಲೆ ಏನಾಗಿತ್ತು?

ಇಂದು ಬೈಪೋಲಾರ್ ಎಂದು ಕರೆಯುವ ಉನ್ಮಾದ–ಖಿನ್ನತೆಯ ಕಾಯಿಲೆ. ಮೊದಲ ಬಾರಿ ಕಾಣಿಸಿಕೊಂಡಿದ್ದು 1921ರಲ್ಲಿ, ಮೇಲೆ ಹೇಳಿದ ಶೋಧಗಳ ಹೊತ್ತಿನಲ್ಲೇ. ಆಮೇಲೆ ಬದುಕಿನುದ್ದಕ್ಕೂ ಬಿಡಲಿಲ್ಲ. ಹೊಸ ಶೋಧದ ಉತ್ಸಾಹವೇ ಉನ್ಮಾದಕ್ಕೆ ಕಿಡಿ ಹಚ್ಚಬಹುದೆಂದು, ದಿನಕ್ಕೆ ಇಷ್ಟೇ ಗಂಟೆ ಸಂಶೋಧನೆ ಎಂದು ಮಿತಿ ಹಾಕಿಕೊಳ್ಳಬೇಕಾಯಿತು: ಸಂಜೆ 4ರಿಂದ 5, ರಾತ್ರಿ 7ರಿಂದ 9. ತಲೆಯಲ್ಲಿ ಪ್ರಮೇಯವೊಂದರ ಸಾಧನೆ ಅರ್ಧಕ್ಕೆ ನಿಂತಿರುವಾಗ ಒಂಬತ್ತು ಹೊಡೆಯಿತೆಂದು ಕಾಗದ ಮಡಚಿಡುವುದು ಎಷ್ಟು ಕಷ್ಟ ಎಂಬುದು ಗಣಿತ ಮಾಡಿದವರಿಗೆ ಗೊತ್ತು. ಅವರು ಅದನ್ನು ವರ್ಷಾನುಗಟ್ಟಲೆ ಪಾಲಿಸಿದರು.

‘ಹುಚ್ಚು ಮತ್ತು ಪ್ರತಿಭೆ’ ಎಂಬ ಸವಕಲು ಕಥೆಗೆ ಪೋಸ್ಟ್ ಹೆಸರನ್ನು ಎಳೆದು ತರುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಾಯಿಲೆ ಅವರಿಗೆ ಏನನ್ನೂ ಕೊಡಲಿಲ್ಲ. ವರ್ಷಗಳನ್ನು, ಹುದ್ದೆಗಳನ್ನು, ಕೊನೆಗೆ ಪ್ರಾಣವನ್ನೂ ಕಿತ್ತುಕೊಂಡಿತು. 1954ರ ಏಪ್ರಿಲ್ 21ರಂದು ನ್ಯೂಯಾರ್ಕ್ ರಾಜ್ಯದ ಆಸ್ಪತ್ರೆಯೊಂದರಲ್ಲಿ ವಿದ್ಯುತ್ ಆಘಾತ ಚಿಕಿತ್ಸೆಯ ನಂತರ ಹೃದಯಾಘಾತವಾಗಿ ತೀರಿಕೊಂಡರು. ಅದೇ ವರ್ಷದ ಜೂನ್ 7ರಂದು ಟ್ಯೂರಿಂಗ್ ಕೂಡ ಹೋದರು.

ಜೀವನಕ್ಕೆ ಏನು ಮಾಡುತ್ತಿದ್ದರು?

ಪಾಠ. ಇಪ್ಪತ್ತರ ದಶಕದಲ್ಲಿ ಕಾಯಿಲೆಯಿಂದಾಗಿ ವಿಶ್ವವಿದ್ಯಾಲಯದ ಹುದ್ದೆ ಕೈಗೆ ನಿಲ್ಲಲಿಲ್ಲ, ನ್ಯೂಯಾರ್ಕಿನ ಹೈಸ್ಕೂಲುಗಳಲ್ಲಿ ಮೇಷ್ಟರಾದರು. 1935ರಿಂದ ಕೊನೆಯವರೆಗೂ ತಾವೇ ಓದಿದ ಸಿಟಿ ಕಾಲೇಜಿನಲ್ಲಿ ಅಧ್ಯಾಪಕರು. ವಾರಕ್ಕೆ 16 ಗಂಟೆ ತರಗತಿ, ಸ್ವಂತ ಕೋಣೆಯಿಲ್ಲ. ಸಂಶೋಧನೆಯೆಲ್ಲ ಮನೆಯಲ್ಲೇ.

1929ರ ಡಿಸೆಂಬರ್ 25ರಂದು ಮದುವೆಯಾದ ಗರ್ಟ್ರೂಡ್ ಸಿಂಗರ್ ಅವರನ್ನು ಇಲ್ಲಿ ನೆನೆಯಲೇಬೇಕು. ಪತಿಯ ಹಸ್ತಪ್ರತಿ, ಪತ್ರಗಳನ್ನು ಟೈಪ್ ಮಾಡುತ್ತಿದ್ದವರು, ಮನೆಯ ಹಣಕಾಸು ನೋಡಿಕೊಂಡವರು, ಕಾಯಿಲೆಯ ದಿನಗಳಲ್ಲಿ ಮಗಳೊಂದಿಗೆ ಮನೆಯನ್ನು ಹಿಡಿದು ನಿಲ್ಲಿಸಿದವರು ಅವರು. ಮೂವತ್ತು ಮತ್ತು ನಲವತ್ತರ ದಶಕದ ಲೇಖನಗಳು ನಮ್ಮ ಕೈಗೆ ಬಂದಿರುವುದರಲ್ಲಿ ಅವರ ದುಡಿಮೆಯೂ ಇದೆ.

ಟ್ಯೂರಿಂಗ್ ಯಂತ್ರಕ್ಕೂ ಪೋಸ್ಟ್ ಯಂತ್ರಕ್ಕೂ ಏನು ವ್ಯತ್ಯಾಸ?

ತಿರುಳಿನಲ್ಲಿ ಏನೂ ಇಲ್ಲ. 1936ರಲ್ಲಿ, ಅಟ್ಲಾಂಟಿಕ್‌ನ ಎರಡು ದಡದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಲೆಕ್ಕ ಹಾಕುವ ಹೆಚ್ಚುಕಡಿಮೆ ಒಂದೇ ಕಾಲ್ಪನಿಕ ಯಂತ್ರವನ್ನು ಬರೆದರು. ಪೋಸ್ಟ್ ಬರೆದದ್ದು ಮೂರು ಪುಟದ ಟಿಪ್ಪಣಿ. ಅದರಲ್ಲಿ ಯಂತ್ರವೂ ಇಲ್ಲ, ಒಬ್ಬ ಕೆಲಸಗಾರ ಇದ್ದಾನೆ. ಎರಡೂ ಕಡೆ ಕೊನೆಯಿಲ್ಲದ ಪೆಟ್ಟಿಗೆಗಳ ಸಾಲು. ಪೆಟ್ಟಿಗೆ ಖಾಲಿಯಿರಬಹುದು ಅಥವಾ ಅದರಲ್ಲಿ ಒಂದು ಗುರುತು ಇರಬಹುದು. ಕೆಲಸಗಾರ ಗುರುತು ಹಾಕಬಹುದು, ಅಳಿಸಬಹುದು, ಬಲಕ್ಕೆ ಇಲ್ಲವೇ ಎಡಕ್ಕೆ ಒಂದು ಪೆಟ್ಟಿಗೆ ಸರಿಯಬಹುದು, ಗುರುತು ಇದೆಯೇ ಎಂದು ನೋಡಿ ಮುಂದಿನ ಆದೇಶ ಯಾವುದೆಂದು ಆರಿಸಬಹುದು. ಆದೇಶಗಳಿಗೆ ಸಂಖ್ಯೆ ಹಾಕಿ ಪಟ್ಟಿ ಮಾಡಿದ್ದಾರೆ. ಇಂದು ಓದಿದರೆ ಅದು ಪ್ರೋಗ್ರಾಂ ಥರವೇ ಕಾಣುತ್ತದೆ.

ಟ್ಯೂರಿಂಗ್ ಲೇಖನ ಮೊದಲು ಸಲ್ಲಿಕೆಯಾಗಿತ್ತು, ಅದರಲ್ಲಿ ಬೇರೆ ಎಲ್ಲ ಯಂತ್ರಗಳ ಕೆಲಸವನ್ನೂ ಮಾಡಬಲ್ಲ ಸಾರ್ವತ್ರಿಕ ಯಂತ್ರವೂ ಇತ್ತು, ಅನಿರ್ಣೇಯತೆಯ, ಅಂದರೆ ಯಾವ ವಿಧಾನಕ್ಕೂ ಬಗ್ಗದ ಪ್ರಶ್ನೆ ಇದೆ ಎಂಬುದರ, ಪೂರ್ಣ ಸಾಧನೆಯೂ ಇತ್ತು. ಹಾಗಾಗಿ ಹೆಸರು ಅವರಿಗೆ ಹೋದದ್ದು ನ್ಯಾಯವೇ.

ಭೇದ ಇರುವುದು ಮನೋಭಾವದಲ್ಲಿ. ‘ಲೆಕ್ಕ ಹಾಕಬಹುದು’ ಎಂಬುದಕ್ಕೆ ಚರ್ಚ್ ಒಂದು ವ್ಯಾಖ್ಯೆ ಕೊಟ್ಟಿದ್ದರು. ಪೋಸ್ಟ್ ಅದನ್ನು ಒಪ್ಪಲಿಲ್ಲ. ಇದು ವ್ಯಾಖ್ಯೆಯಲ್ಲ, ಮನುಷ್ಯನ ಗಣಿತ ಶಕ್ತಿಯ ಮಿತಿಯ ಬಗ್ಗೆ ಒಂದು ಶೋಧ. ವ್ಯಾಖ್ಯೆ ಎಂದು ಹೆಸರಿಟ್ಟರೆ ಅದನ್ನು ಮತ್ತೆ ಮತ್ತೆ ಪರೀಕ್ಷಿಸಬೇಕೆಂಬುದನ್ನೇ ಮರೆಯುತ್ತೇವೆ ಎಂದರು. ಅವರಿಗೆ ಅದು ಪ್ರಕೃತಿ ನಿಯಮದ ಹಾಗೆ, ಸಾಕ್ಷ್ಯ ಸೇರಿದಂತೆ ಗಟ್ಟಿಯಾಗಬೇಕಾದ್ದು. ಈ ಮಾತಿನಲ್ಲಿ ಪೋಸ್ಟ್ ಸರಿ ಎಂದೇ ನನ್ನ ಅಭಿಪ್ರಾಯ.

ಗೋಡೆಲ್ ಅವರನ್ನು ಭೇಟಿಯಾಗಿದ್ದರೇ?

1938ರ ಅಕ್ಟೋಬರಿನಲ್ಲಿ, ನ್ಯೂಯಾರ್ಕಿನಲ್ಲಿ. ಭೇಟಿಯ ಬಳಿಕ ಪೋಸ್ಟ್ ಒಂದು ಕಾರ್ಡ್ ಬರೆದರು. ಹದಿನೈದು ವರ್ಷ ಗಣಿತ ಲೋಕವನ್ನು ಬೆರಗುಗೊಳಿಸುವ ಕನಸು ಹೊತ್ತು ತಿರುಗಿದ್ದೆ, ಆ ಕನಸು ಕರಗಲು ಮುಖ್ಯ ಕಾರಣರಾದವರನ್ನೇ ಕಂಡಾಗ ಭಾವೋದ್ವೇಗಕ್ಕೆ ಒಳಗಾದೆ ಎಂದು ಅದರಲ್ಲಿ ಒಪ್ಪಿಕೊಂಡರು. ಗೋಡೆಲ್ ಮೇಲೆ ಒಂದಿಷ್ಟೂ ಕಹಿಯಿರಲಿಲ್ಲ. ಆಲೋಚನೆ ಹೊಳೆಯುವುದಲ್ಲ, ಅದನ್ನು ನಡೆಸಿ ಮುಗಿಸುವುದೇ ದೊಡ್ಡತನದ ಗುರುತು ಎಂಬರ್ಥದ ಮಾತನ್ನೂ ಆ ಪತ್ರವ್ಯವಹಾರದಲ್ಲಿ ಬರೆದಿದ್ದಾರೆ.

1941ರಲ್ಲಿ ಅವರು ತಮ್ಮ ಹಳೆಯ ಶೋಧದ ಪೂರ್ತಿ ಕಥೆಯನ್ನು ಲೇಖನವಾಗಿಸಿ ‘ಅಮೆರಿಕನ್ ಜರ್ನಲ್ ಆಫ್ ಮ್ಯಾಥಮ್ಯಾಟಿಕ್ಸ್’ಗೆ ಕಳಿಸಿದರು. ಸಂಪಾದಕ ಹರ್ಮನ್ ವೈಲ್ 1942ರ ಮಾರ್ಚ್‌ನಲ್ಲಿ ಮರಳಿಸಿದರು. ಇಪ್ಪತ್ತು ವರ್ಷದ ಹಿಂದೆ ನಿಮ್ಮ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಿಗಲಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಲಾರೆವು ಎಂದು ಬರೆದರು. ಆ ಲೇಖನ ಅಚ್ಚಾಗಿದ್ದು 1965ರಲ್ಲಿ, ಪೋಸ್ಟ್ ತೀರಿ ಹನ್ನೊಂದು ವರ್ಷವಾದ ಮೇಲೆ.

ಹಾಗಾದರೆ ಅವರದು ಕೈತಪ್ಪಿದ ಅವಕಾಶಗಳ ವೃತ್ತಿಜೀವನವೇ?

ಇಲ್ಲ. ಈ ಪುಟ ಬರೆಯಲು ಕುಳಿತದ್ದೇ ಈ ಪ್ರಶ್ನೆಗೆ ಉತ್ತರ ಹೇಳಲು. ‘ಗೋಡೆಲ್‌ಗಿಂತ ಮೊದಲೇ ಕಂಡಿದ್ದರು, ಪಾಪ’ ಎಂಬ ಕರುಣೆಯಲ್ಲಿ ಪೋಸ್ಟ್ ಅವರ ಅತ್ಯುತ್ತಮ ಕೆಲಸ ಮುಚ್ಚಿಹೋಗುತ್ತದೆ. ಅದು ಬಂದದ್ದು ಆ ತಿರಸ್ಕಾರದ ನಂತರ, 46 ದಾಟಿದ ಮೇಲೆ, ವಾರಕ್ಕೆ 16 ಗಂಟೆ ಪಾಠ ಮಾಡುತ್ತಾ.

1943ರಲ್ಲಿ, ವಾಪಸಾದ ಲೇಖನದ ಗಣಿತವನ್ನಷ್ಟೇ ಆಯ್ದು ಅಕ್ಷರ ವ್ಯವಸ್ಥೆಗಳ ಪ್ರಮೇಯವನ್ನು ಪ್ರಕಟಿಸಿದರು. 1946ರಲ್ಲಿ ಕರೆಸ್ಪಾಂಡೆನ್ಸ್ ಪ್ರಾಬ್ಲಂ. 1947ರಲ್ಲಿ, ಆಕ್ಸೆಲ್ ಥೂ 1914ರಲ್ಲಿ ಕೇಳಿದ್ದ ಅರೆಗುಂಪುಗಳ ಪದ ಸಮಸ್ಯೆಗೆ (ಕೊಟ್ಟ ಬದಲಾವಣೆ ನಿಯಮಗಳಿಂದ ಒಂದು ಅಕ್ಷರ ಸಾಲನ್ನು ಇನ್ನೊಂದಾಗಿಸಬಹುದೇ ಎಂಬ ಪ್ರಶ್ನೆಗೆ) ಯಾವ ವಿಧಾನವೂ ಇಲ್ಲವೆಂದು ಸಾಧಿಸಿದರು. ರಷ್ಯಾದ ಮಾರ್ಕೋವ್ ಅದೇ ವರ್ಷ ಸ್ವತಂತ್ರವಾಗಿ ಅದನ್ನೇ ಸಾಧಿಸಿದರು. ತರ್ಕಶಾಸ್ತ್ರದ ಹೊರಗೆ, ಬೀಜಗಣಿತದಲ್ಲಿ ಹುಟ್ಟಿದ ಸಮಸ್ಯೆಯೊಂದು ಅನಿರ್ಣೇಯ ಎಂದು ತಿಳಿದದ್ದು ಅದೇ ಮೊದಲು. ಆ ಲೇಖನದ ಅನುಬಂಧದಲ್ಲಿ ಟ್ಯೂರಿಂಗ್ ಲೇಖನದ ದೋಷಗಳನ್ನೂ ಪಟ್ಟಿ ಮಾಡಿ ತಿದ್ದಿದ್ದಾರೆ.

ಇವೆಲ್ಲಕ್ಕಿಂತ ಎತ್ತರದಲ್ಲಿರುವುದು 1944ರ ಲೇಖನ. ಅಲ್ಲಿ ಪೋಸ್ಟ್ ಬಿಡಿಸಲಾಗದ ಸಮಸ್ಯೆಗಳನ್ನು ಒಂದಕ್ಕೊಂದು ಹೋಲಿಸತೊಡಗಿದರು. ಎಲ್ಲವೂ ಸಮಾನವಾಗಿ ಕಠಿಣವೇ? ಅಥವಾ ಬಿಡಿಸಲಾಗದಿದ್ದರೂ ಒಂದು ಪ್ರೋಗ್ರಾಂ ಎಂದಾದರೂ ನಿಲ್ಲುತ್ತದೆಯೇ ಎಂಬ ಹಾಲ್ಟಿಂಗ್ ಪ್ರಾಬ್ಲಂಗಿಂತ ಸುಲಭವಾದದ್ದು ಇದೆಯೇ? ಇನ್ನೂ ಖಚಿತವಾಗಿ: ಸದಸ್ಯರನ್ನು ಯಂತ್ರವೊಂದು ಒಂದೊಂದಾಗಿ ಪಟ್ಟಿ ಮಾಡಬಲ್ಲ ಗಣಗಳಲ್ಲಿ ಅಂಥ ನಡುಮಟ್ಟದ್ದು ಸಿಗುತ್ತದೆಯೇ? ಅವರೇ ಹಲವು ಬಗೆಯ ಗಣಗಳನ್ನು ಕಟ್ಟಿ ನೋಡಿದರು, ಉತ್ತರ ಸಿಗಲಿಲ್ಲ. ‘ಪೋಸ್ಟ್ ಸಮಸ್ಯೆ’ ಎಂದು ಹೆಸರಾದ ಇದನ್ನು ಅವರು ತೀರಿಕೊಂಡ ಎರಡು–ಮೂರು ವರ್ಷಗಳಲ್ಲಿ ಮಾಸ್ಕೋದ ಮುಚ್ನಿಕ್ ಮತ್ತು ಅಮೆರಿಕದ ಫ್ರೀಡ್‌ಬರ್ಗ್ ಎಂಬ ಇಬ್ಬರು ಯುವಕರು ಬೇರೆ ಬೇರೆಯಾಗಿ ಬಿಡಿಸಿದರು. ಉತ್ತರ: ಇದೆ. ಅದಕ್ಕಾಗಿ ಅವರು ಕಂಡುಹಿಡಿದ ‘ಪ್ರಯಾರಿಟಿ’ ತಂತ್ರದ ಮೇಲೆ ಒಂದು ಇಡೀ ಶಾಖೆ ಬೆಳೆದಿದೆ.

ಕರೆಸ್ಪಾಂಡೆನ್ಸ್ ಪ್ರಾಬ್ಲಂ ಎಂದರೇನು, ಸರಳವಾಗಿ ಹೇಳಿ.

ಕೆಲವು ಬಿಲ್ಲೆಗಳಿವೆ. ಪ್ರತಿಯೊಂದರಲ್ಲಿ ಮೇಲೊಂದು, ಕೆಳಗೊಂದು ಅಕ್ಷರಗಳ ಸಾಲು. ಒಂದೇ ಬಿಲ್ಲೆಯನ್ನು ಎಷ್ಟು ಸಲವಾದರೂ ಬಳಸಬಹುದು. ಬಿಲ್ಲೆಗಳನ್ನು ಪಕ್ಕಪಕ್ಕ ಇಟ್ಟಾಗ ಮೇಲಿನ ಸಾಲೂ ಕೆಳಗಿನ ಸಾಲೂ ಒಂದೇ ಆಗುವಂತೆ ಜೋಡಿಸಬಹುದೇ?

ಉದಾಹರಣೆಗೆ ಮೊದಲ ಬಿಲ್ಲೆಯ ಮೇಲೆ ‘ಮ’, ಕೆಳಗೆ ‘ಮಲ’. ಎರಡನೆಯದರ ಮೇಲೆ ‘ಲಮ’, ಕೆಳಗೆ ‘ಮ’. ಒಂದು, ಎರಡು ಎಂದು ಜೋಡಿಸಿದರೆ ಮೇಲೆ ‘ಮಲಮ’, ಕೆಳಗೂ ‘ಮಲಮ’. ಆಯಿತು.

ಮಕ್ಕಳಿಗೂ ಅರ್ಥವಾಗುವ ಈ ಆಟದಲ್ಲಿ, ಯಾವ ಬಿಲ್ಲೆಗಳನ್ನು ಕೊಟ್ಟರೂ ಜೋಡಣೆ ಇದೆಯೋ ಇಲ್ಲವೋ ಎಂದು ಸರಿಯಾಗಿ ಹೇಳುವ ಪ್ರೋಗ್ರಾಂ ಇರಲು ಸಾಧ್ಯವಿಲ್ಲ. ಬಿಲ್ಲೆಗಳನ್ನು ಜಾಣತನದಿಂದ ಆರಿಸಿದರೆ, ಜೋಡಣೆ ಹುಡುಕುವುದೆಂದರೆ ಟ್ಯೂರಿಂಗ್ ಯಂತ್ರವೊಂದರ ಓಟವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಂತೆಯೇ ಆಗುತ್ತದೆ, ಯಂತ್ರ ನಿಂತರೆ ಮಾತ್ರ ಸಾಲುಗಳು ಸರಿಹೊಂದುತ್ತವೆ. ಎರಡೇ ಬಗೆಯ ಬಿಲ್ಲೆಗಳಿದ್ದರೆ ವಿಧಾನ ಇದೆ. ಐದು ಬಗೆಯಾದರೆ ಇಲ್ಲ ಎಂಬುದು 2015ರಲ್ಲಿ ಗೊತ್ತಾಯಿತು. ಮೂರು, ನಾಲ್ಕರ ಪ್ರಶ್ನೆ ತೆರೆದೇ ಇದೆ.

ಒಂದು ಗ್ರಾಮರ್ ದ್ವಂದ್ವಾರ್ಥಕ್ಕೆ ಎಡೆಗೊಡುತ್ತದೆಯೇ ಎಂದು ಪರೀಕ್ಷಿಸುವ ಪ್ರೋಗ್ರಾಂ ಇಲ್ಲ ಎನ್ನುವುದನ್ನು ಪಠ್ಯಗಳಲ್ಲಿ ಸಾಧಿಸುವುದು ಈ ಬಿಲ್ಲೆಗಳ ಮೂಲಕವೇ.

ಶಿಷ್ಯರು ಯಾರಾದರೂ ಇದ್ದರೇ?

ಸಿಟಿ ಕಾಲೇಜಿನಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗಳಿರಲಿಲ್ಲ, ಪದವಿ ಮಕ್ಕಳೇ. ಅವರಲ್ಲಿ ಮಾರ್ಟಿನ್ ಡೇವಿಸ್ ಒಬ್ಬರು. ಪೂರ್ಣಾಂಕ ಸಮೀಕರಣಗಳಿಗೆ ಪರಿಹಾರ ಇದೆಯೇ ಎಂದು ಹೇಳುವ ವಿಧಾನ ಹುಡುಕಿ ಎಂಬ ಹಿಲ್ಬರ್ಟ್‌ನ ಹತ್ತನೇ ಸಮಸ್ಯೆ, ಅಂಥ ವಿಧಾನ ಇಲ್ಲವೆಂಬ ಸಾಧನೆಗಾಗಿ ಕಾಯುತ್ತಿದೆ ಎಂದು ಪೋಸ್ಟ್ 1944ರ ಲೇಖನದಲ್ಲಿ ಬರೆದಿದ್ದರು. ಆ ಸಾಲು ಡೇವಿಸ್ ಅವರನ್ನು ಹಿಡಿದುಕೊಂಡಿತು. ಅವರು, ಹಿಲರಿ ಪಟ್ನಮ್, ಜೂಲಿಯಾ ರಾಬಿನ್ಸನ್ ಕಟ್ಟಿದ ಮೆಟ್ಟಿಲಿನ ಮೇಲೆ ನಿಂತು ಲೆನಿನ್‌ಗ್ರಾಡಿನ ಯೂರಿ ಮತಿಯಸೇವಿಚ್ 1970ರಲ್ಲಿ ಅದನ್ನು ಮುಗಿಸಿದರು. ಪೋಸ್ಟ್ ಅವರ ತಿರಸ್ಕೃತ ಲೇಖನವನ್ನು 1965ರ ಸಂಕಲನದಲ್ಲಿ ಬೆಳಕಿಗೆ ತಂದವರೂ ಡೇವಿಸ್ ಅವರೇ.

ಇವತ್ತಿನ ಪ್ರೋಗ್ರಾಮರ್‌ಗೆ ಪೋಸ್ಟ್ ಕೆಲಸದಿಂದ ಏನು ಸಿಕ್ಕಿದೆ?

ಪ್ರೋಗ್ರಾಮಿಂಗ್ ಭಾಷೆಯ ಗ್ರಾಮರ್ ಬರೆಯುವ ರೀತಿ. ‘ಇದರ ಜಾಗದಲ್ಲಿ ಇದನ್ನು ಬರೆ’ ಎಂಬ ಉತ್ಪಾದನಾ ನಿಯಮಗಳು ಪೋಸ್ಟ್ ಅವರದು. ಭಾಷಾವಿಜ್ಞಾನಿ ಚಾಮ್‌ಸ್ಕಿ ಐವತ್ತರ ದಶಕದಲ್ಲಿ ಅವನ್ನು ಮನುಷ್ಯ ಭಾಷೆಗಳ ವಿಶ್ಲೇಷಣೆಗೆ ತಂದರು, ಅಲ್ಗಾಲ್ 60 ಎಂಬ ಪ್ರೋಗ್ರಾಮಿಂಗ್ ಭಾಷೆಯ ವಿವರಣೆಯಲ್ಲೂ ಅದೇ ಬಗೆಯ ನಿಯಮಗಳಿವೆ.

ಇನ್ನೊಂದು, ಡಿಜಿಟಲ್ ಸರ್ಕೀಟು. 0, 1ಗಳನ್ನು ಪಡೆದು 0 ಅಥವಾ 1 ಕೊಡುವ ಬಿಡಿಭಾಗವೇ ಗೇಟು. ನ್ಯಾಂಡ್ ಎಂಬ ಗೇಟ್ ಒಂದರಿಂದಲೇ ಎಲ್ಲ ಸರ್ಕೀಟು ಕಟ್ಟಬಹುದು ಎಂದು ಓದಿದ್ದೇವೆ. ಯಾವ ಗೇಟುಗಳ ಗುಂಪು ಸಾಕು, ಯಾವುದು ಸಾಲದು ಎಂಬುದಕ್ಕೆ ಪೂರ್ತಿ ಉತ್ತರ ಪೋಸ್ಟ್ ಅವರ 1941ರ ಪುಸ್ತಕದಲ್ಲಿದೆ. ಐದು ದೋಷಗಳಿವೆ, ಗುಂಪಿನ ಎಲ್ಲ ಗೇಟುಗಳಿಗೂ ಅವುಗಳಲ್ಲಿ ಯಾವುದಾದರೂ ಒಂದು ಸಮಾನವಾಗಿ ಇದ್ದರೆ ಆ ಗುಂಪು ಸಾಲದು, ಇಲ್ಲದಿದ್ದರೆ ಸಾಕು. ಉದಾಹರಣೆಗೆ ಆ್ಯಂಡ್ ಮತ್ತು ಆರ್ ಎರಡೂ, ಒಳಬರುವುದೆಲ್ಲ 0 ಆದರೆ 0 ಕೊಡುತ್ತವೆ. ಅವೆರಡರಿಂದ ಎಷ್ಟು ಕಟ್ಟಿದರೂ 0ಯನ್ನು 1 ಮಾಡುವ ನಾಟ್ ಗೇಟ್ ಹುಟ್ಟುವುದಿಲ್ಲ.

ಓದಲು ಎಲ್ಲಿಂದ ಶುರು ಮಾಡಬೇಕು?

1944ರ ಲೇಖನದಿಂದ. ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಮಾಡಿದ ಉಪನ್ಯಾಸವನ್ನು ಬೆಳೆಸಿ ಬರೆದದ್ದು ಅದು. ಆಗಿನ ತರ್ಕಶಾಸ್ತ್ರದ ಲೇಖನಗಳಲ್ಲಿ ಸಂಕೇತಗಳೇ ತುಂಬಿರುತ್ತಿದ್ದವು. ಪೋಸ್ಟ್ ಇಲ್ಲಿ ಅವನ್ನೆಲ್ಲ ಸರಿಸಿ, ಏನು ನಡೆಯುತ್ತಿದೆ ಎಂದು ಮಾತಿನಲ್ಲಿ ಹೇಳುತ್ತಾರೆ. ಡಿಸ್ಕ್ರೀಟ್ ಮ್ಯಾಥ್ಸ್ ಓದಿದ ಎಂಜಿನಿಯರಿಂಗ್ ವಿದ್ಯಾರ್ಥಿ ಮೊದಲ ಅರ್ಧವನ್ನು ಧೈರ್ಯವಾಗಿ ಓದಬಹುದು. ಆಮೇಲೆ 1936ರ ಮೂರು ಪುಟಗಳನ್ನು ತೆಗೆದುಕೊಂಡು, ಎರಡು ಸಂಖ್ಯೆ ಕೂಡುವ ಆದೇಶಗಳ ಪಟ್ಟಿಯನ್ನು ಆ ಪೆಟ್ಟಿಗೆಗಳ ಕೆಲಸಗಾರನಿಗೆ ನೀವೇ ಬರೆದು ನೋಡಿ. 1965ರಲ್ಲಿ ಬಂದ ಆತ್ಮಕಥನದಂಥ ದೀರ್ಘ ಲೇಖನವನ್ನು ಕೊನೆಗಿಟ್ಟುಕೊಳ್ಳಿ. ಅದು ಕಠಿಣ, ಅಲ್ಲಲ್ಲಿ ದಿನಚರಿಯ ತುಣುಕುಗಳೂ ಇವೆ, ಉಳಿದೆರಡನ್ನು ಓದಿದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ.